ಬೇಡಗದವರೆಗೆ ಬಂದ ಭೋಂಗಾ

ಇಂಥ ಸಂಗತಿಗಳನ್ನು ಬೇರೆಯವರು ಹೇಳಿದಾಗ ನಾನು ನಕ್ಕಿದ್ದೇ ಹೆಚ್ಚು. ಸತ್ತವರು ಬಾಗಿಲಲ್ಲಿ ನಿಂತು ಹೋದರು, ಯಾರೂ ಇಲ್ಲದ ಕಡೆಯಿಂದ ಹೆಸರು ಹಿಡಿದು ಕೂಗಿದಂತಾಯಿತು ಎಂದು ಯಾರಾದರೂ ಶುರುಮಾಡಿದರೆ, ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು, ಅವತ್ತು ನೀವು ಹೊಟ್ಟೆತುಂಬ ಉಂಡಿದ್ದಿರೋ ಇಲ್ಲವೋ ಎಂದು ಕೇಳಿ ಅವರ ಬಾಯಿ ಮುಚ್ಚಿಸುತ್ತಿದ್ದೆ. ಅದಕ್ಕೆ ನನ್ನ ಕೆಲಸವೂ ಕಾರಣ. ನಾನು ವಿಮಾನ ಹಾರಿಸುತ್ತಿದ್ದೆ. ಮೋಡದೊಳಗೆ ಹೊಕ್ಕಾಗ ಮನುಷ್ಯನ ಕಣ್ಣು, ಕಿವಿ ಎಲ್ಲ ಸುಳ್ಳು ಹೇಳುತ್ತವೆ, ಎದುರಿಗಿನ ಮಾಪಕದ ಮುಳ್ಳು ತೋರಿಸುವುದನ್ನಷ್ಟೇ ನಂಬಬೇಕು ಎಂದು ನಮಗೆ ಕಲಿಸಿದ್ದರು. ನೆಲದ ಮೇಲೂ ನಾನು ಅದನ್ನೇ ಪಾಲಿಸಿಕೊಂಡು ಬಂದೆ. ಈಗ ಬರೆಯುತ್ತಿರುವುದನ್ನು ಬೇರೆ ಯಾರಾದರೂ ನನಗೆ ಹೇಳಿದ್ದರೆ ಅವರನ್ನೂ ಹೀಗೇ ಅಡ್ಡಪ್ರಶ್ನೆ ಹಾಕಿ ಗೋಳು ಹೊಯ್ದುಕೊಳ್ಳುತ್ತಿದ್ದೆ. ಓದುವವರು ನನ್ನನ್ನು ಹಾಗೆ ಕೇಳಿದರೆ ನನಗೆ ಬೇಸರವಿಲ್ಲ.

ಎರಡನೆಯ ಮಹಾಯುದ್ಧಕ್ಕೆ ಮುಂಚಿನ ಮಾತು ಇದು. ಸಾಂಗಲಿ, ಮಿರಜ, ಬುಧಗಾಂವ ಆಗ ಬೇರೆ ಬೇರೆ ಸಂಸ್ಥಾನಗಳು. ಬೆಳಿಗ್ಗೆ ಸೈಕಲ್ ಹತ್ತಿದವನು ಮಧ್ಯಾಹ್ನದೊಳಗೆ ಮೂವರು ರಾಜರ ನೆಲ ತುಳಿದು ಬರಬಹುದಿತ್ತು, ನಾಕೆಗಳಲ್ಲಿ ಚೀಲ ಬಿಚ್ಚಿ ತೋರಿಸುವ ತಾಳ್ಮೆ ಇದ್ದರೆ. ಆ ಸೀಮೆಯಲ್ಲಿ ಒಬ್ಬ ಸಾವಕಾರರು ಇದ್ದರು. ಹೆಸರು ಬೇಡ. ಅರಿಸಿನ, ಶೇಂಗಾ ವ್ಯಾಪಾರದಲ್ಲಿ ಬೆಳೆದು, ಸಾಂಗಲಿ ಮಿರಜಗಳ ನಡುವೆ ದೊಡ್ಡ ಗಿರಣಿ ಹಾಕಿದ ಲಿಂಗಾಯತ ಮನೆತನದವರು. ಸಮಾಧಾನ ಇದ್ದಾಗ ಅವರಿಗೆ ಕನ್ನಡ ಬರುತ್ತಿತ್ತು, ಸಿಟ್ಟು ಬಂದಾಗ ಮರಾಠಿ. ಮುಂಬಯಿಯ ಪೇಟೆಯಲ್ಲಿ ಏನಾದರೂ ಏರುಪೇರಾದರೆ ಅವತ್ತೇ ಅಲ್ಲಿ ಹೋಗಿ ನಿಲ್ಲಬೇಕು ಎಂಬ ಹಟಕ್ಕೆ ಅವರು ಎರಡು ಸೀಟಿನ ಸಣ್ಣ ವಿಮಾನವೊಂದನ್ನು ತರಿಸಿದ್ದರು. ಮುಂಬಯಿಯಲ್ಲಿ ಮೊದಲು ಮೆಕ್ಯಾನಿಕ್ ಆಗಿದ್ದು, ಆಮೇಲೆ ಹಾರಿಸುವುದನ್ನೂ ಕಲಿತಿದ್ದ ನನ್ನನ್ನು, ನಮ್ಮ ಕಡೆಯವನು, ಮಾತು ತಿಳಿಯುತ್ತದೆ ಎಂದು ಕರೆತಂದರು. ಬುಧಗಾಂವದ ದಾರಿಯಲ್ಲಿ ಹುಲ್ಲು ಕೊಯ್ಯಿಸಿ ಹಸನು ಮಾಡಿದ ಬಯಲು, ಒಂದು ತಗಡಿನ ಶೆಡ್ಡು, ಅದರ ಪಕ್ಕದಲ್ಲಿ ನನ್ನ ಖೋಲಿ. ನನ್ನ ಸಂಸಾರ ಅಷ್ಟೇ.

ವಿಮಾನದವನು ಎಂದರೆ ದಿನಾ ಆಕಾಶದಲ್ಲೇ ಇರುತ್ತಾನೆ ಎಂದು ಜನ ತಿಳಿದಿದ್ದರು. ನಿಜ ಹೇಳಬೇಕೆಂದರೆ ತಿಂಗಳಲ್ಲಿ ನಾಲ್ಕೈದು ದಿನ ಹಾರಿದರೆ ಹೆಚ್ಚು. ಉಳಿದದ್ದೆಲ್ಲ ಕಾಯುವ ಕೆಲಸ. ಸಾವಕಾರರು ಮೊದಲ ದಿನ ಒಂದೇ ಕರಾರು ಹೇಳಿದ್ದರು: ನಸುಕಿನಿಂದ ಹೊತ್ತು ಮುಳುಗುವವರೆಗೆ ಯಾವಾಗ ಕರೆದರೂ ಅರ್ಧ ತಾಸಿನೊಳಗೆ ಇಂಜಿನ್ ಬಿಸಿಯಾಗಿ ವಿಮಾನ ಸಿದ್ಧವಿರಬೇಕು. ಕರೆಯುವುದು ಹೇಗೆ? ಬಯಲಿನಲ್ಲಿ ಟೆಲಿಫೋನ್ ಇರಲಿಲ್ಲ. ಅದಕ್ಕೆ ಗಿರಣಿಯ ಭೋಂಗಾ ಇತ್ತು. ಪಾಳಿ ಬದಲಾಗುವಾಗ ಉಗಿ ಬಿಟ್ಟು ಕೂಗಿಸುತ್ತಿದ್ದ ಆ ಸೀಟಿಗೆ ಸುತ್ತಲಿನವರೆಲ್ಲ ಭೋಂಗಾ ಎನ್ನುತ್ತಿದ್ದರು. ಪಾಳಿಗೆ ಒಂದೇ ಉದ್ದನೆಯ ಕೂಗು. ನನಗೆ ಒಂದು ಉದ್ದ, ಎರಡು ಗಿಡ್ಡ, ಸ್ವಲ್ಪ ತಡೆದು ಮತ್ತೆ ಅದೇ. ಬಾಯ್ಲರ್ ನೋಡಿಕೊಳ್ಳುತ್ತಿದ್ದ ಇಮಾಮಚಾಚಾ ಅದನ್ನು ಕೂಗಿಸುತ್ತಿದ್ದ.

ಹೀಗಾಗಿ ಭೋಂಗಾ ಕೇಳುವಷ್ಟು ದೂರವೇ ನನ್ನ ಊರಾಯಿತು. ಎಲ್ಲಿಯವರೆಗೆ ಕೇಳುತ್ತದೆ ಎಂದು ಮೊದಲ ಎರಡು ತಿಂಗಳು ಸೈಕಲ್ ಮೇಲೆ ತಿರುಗಿ ಗೊತ್ತುಮಾಡಿಕೊಂಡೆ. ಸಾಂಗಲಿಯ ಪೇಟೆಯವರೆಗೆ ಅಡ್ಡಿಯಿಲ್ಲ. ಹೊಳೆಯ ಘಾಟಿಗೆ ಇಳಿದರೆ ಅನುಮಾನ. ಮಿರಜದ ಸ್ಟೇಶನ್ ದಾಟಿದರೆ ಇಲ್ಲವೇ ಇಲ್ಲ. ಮಿರಜದಲ್ಲಿ ತಂಬೂರಿ ಮಾಡುವವರ ಓಣಿಯಲ್ಲಿ ಕೂತು ತಂತಿ ಕೂಡಿಸುವುದನ್ನು ಕೇಳುವುದೆಂದರೆ ನನಗೆ ಪ್ರಾಣ, ಆದರೆ ಆ ನಾದದೊಳಗೆ ಹೊರಗಿನದು ಕಿವಿಗೆ ಬೀಳುವುದಿಲ್ಲವೆಂದು ಬಿಟ್ಟೆ. ಹಗಲಿನ ನಾಟಕಕ್ಕೆ ಹೋದರೆ ಬಾಗಿಲ ಹತ್ತಿರ ನಿಂತು ನೋಡುವುದು. ಜಳಕಕ್ಕೆ ಕೂತರೆ ತಲೆಯ ಮೇಲೆ ನೀರು ಹೊಯ್ದುಕೊಂಡು, ತಂಬಿಗೆ ಹಿಡಿದು ಒಂದು ಗಳಿಗೆ ಕಿವಿಗೊಡುವುದು, ಮತ್ತೆ ಹೊಯ್ದುಕೊಳ್ಳುವುದು. ಬೇರೆಯವರಿಗೆ ಇದು ನಗೆಯ ಮಾತು. ಕೂತು ಪಗಾರ ತಿನ್ನುವ ಪುಣ್ಯವಂತ ಎಂದು ಗಿರಣಿಯ ಕಾರಕೂನರು ನನ್ನನ್ನು ಚುಡಾಯಿಸುತ್ತಿದ್ದರು.

ರಜೆ ಎಂಬುದು ಇರಲಿಲ್ಲವೆಂದಲ್ಲ. ಸಾವಕಾರರು ರೈಲಿನಲ್ಲಿ ಎಲ್ಲಿಗಾದರೂ ಹೋದ ದಿನ ನನಗೆ ಬಿಡುವು, ಆದರೆ ಅವರು ಹೋದದ್ದು ನನಗೆ ತಿಳಿಯುತ್ತಿದ್ದುದು ಬಹಳ ಸಲ ಅವರು ತಿರುಗಿ ಬಂದ ಮೇಲೆ. ಕೇಳಿದರೆ "ಇವತ್ತ ಕೆಲಸ ಬೀಳಾಕಿಲ್ಲ ಅನಸ್ತೈತಿ" ಎನ್ನುತ್ತಿದ್ದರು. ಆ 'ಅನಸ್ತೈತಿ'ಯನ್ನು ನಂಬಿ ಹೊರಗೆ ಹೆಜ್ಜೆ ಇಡುವ ಧೈರ್ಯ ನನಗೆ ಬರಲಿಲ್ಲ. ಲಿಂಗನೂರಿನಿಂದ ನನಗೊಂದು ಸಂಬಂಧ ಬಂದಿತ್ತು. ಹುಡುಗಿಯ ತಂದೆ, ಅಳಿಯ ಹಬ್ಬಕ್ಕೆ ಬರುತ್ತಾನಲ್ಲ ಎಂದು ಕೇಳಿದರು. ಹೇಳಲಿಕ್ಕಾಗುವುದಿಲ್ಲ ಎಂದೆ. ಹುಡುಗಿ ನೋಡಲು ಯಾವಾಗ ಬರುತ್ತೀರಿ ಎಂದರು. ಅದನ್ನೂ ಹೇಳಲಿಕ್ಕಾಗುವುದಿಲ್ಲ ಎಂದೆ. ಆ ಮಾತು ಅಲ್ಲಿಗೇ ನಿಂತಿತು. ನಾನು ಮೇಲೆ ನಕ್ಕು ಮಾತಾಡುತ್ತಿದ್ದೆ, ಆದರೆ ಒಬ್ಬನೇ ಅಡಿಗೆ ಮಾಡಿಕೊಂಡು, ಒಬ್ಬನೇ ಉಂಡು, ಕೂಗದ ಭೋಂಗಾಕ್ಕೆ ಕಿವಿಗೊಟ್ಟು ಕೂತ ಆ ಮಧ್ಯಾಹ್ನಗಳಷ್ಟು ಒಂಟಿತನವನ್ನು ನಾನು ಆಮೇಲೆ ಎಲ್ಲೂ ಕಂಡಿಲ್ಲ.

ನನಗೆ ಮನೆ ಎಂದು ಇದ್ದದ್ದು ಮಿರಜದ ಆಚೆ, ಬೇಡಗ ಎಂಬ ಹಳ್ಳಿಯಲ್ಲಿ. ನಾನು ಸಣ್ಣವನಿದ್ದಾಗಲೇ ಅವ್ವ ತೀರಿಕೊಂಡಿದ್ದಳು. ಅವಳ ಅಕ್ಕ, ನನ್ನ ಮಾವಶಿ, ನನ್ನನ್ನು ತನ್ನ ಮಗ ನೇಮಣ್ಣನ ಜೊತೆಗೇ ಸಾಕಿದಳು. ನಾನು ಮಿರಜದ ಸಾಲೆಗೆ ಹೋಗುವ ಕಾಲಕ್ಕೆ ಅವಳಿಗೆ ದೊಡ್ಡ ಜ್ವರ ಬಂದು ಎರಡೂ ಕಿವಿ ಹೋದವು. ಬಾಗಿಲು ಧಡ್ಡನೆ ಹಾಕಿದರೂ ತಿರುಗಿ ನೋಡದಷ್ಟು ಕಿವುಡು. ಓದುಬರಹ ಅವಳಿಗೆ ಬರುತ್ತಿರಲಿಲ್ಲ. ಆದರೆ ದಿನಾ ಸಂಜೆ ನನ್ನನ್ನು ಎದುರಿಗೆ ಕೂಡಿಸಿಕೊಂಡು, ನಾನು ಮಾತಾಡುವಾಗ ತುಟಿ ನೋಡಿ ನೋಡಿ, ನನ್ನ ಮಾತನ್ನು ಹಿಡಿಯುವುದನ್ನು ಕಲಿತಳು. ನಾನು ಒಂದು ಮಾತು ಹೇಳುವುದು, ಅವಳು ಅದನ್ನೇ ತನ್ನ ಬಾಯಲ್ಲಿ ಅಂದು ಸರಿಯೇ ಎಂದು ನನ್ನ ಮುಖ ನೋಡುವುದು, ನಾನು ತಲೆಯಾಡಿಸುವುದು. ಹೀಗೇ ನಮ್ಮಿಬ್ಬರ ಮಾತುಕತೆ ಎಷ್ಟೋ ವರ್ಷ ನಡೆಯಿತು.

ಇದು ಅವಳಿಗೆ ನನ್ನೊಬ್ಬನ ಜೊತೆಗೆ ಮಾತ್ರ ಸಾಧ್ಯವಾಯಿತು. ನೇಮಣ್ಣನಿಗೆ ತುಟಿ ಮುಚ್ಚುವಂಥ ಮೀಸೆ. ಸೊಸೆ ಅತ್ತೆಯ ಮುಂದೆ ಸೆರಗು ಬಾಯಿಗೆ ಹಿಡಿದೇ ಮಾತಾಡುವವಳು. ನನಗೆ ಮೀಸೆ ಮೂಡತೊಡಗಿದಾಗ ಮಾವಶಿ ನನ್ನ ಗದ್ದ ಹಿಡಿದು, "ಮೀಸಿ ಬಿಟ್ಟೀ ಅಂದ್ರ ನಿನ್ನ ಮಾತೂ ಹೋಗ್ತಾವ ನೋಡು ನನಗ" ಎಂದಿದ್ದಳು. ನಾನು ಇವತ್ತಿಗೂ ಮೀಸೆ ಬಿಟ್ಟಿಲ್ಲ. ನನ್ನನ್ನು ಹೇಗೆ ಕರೆಯುತ್ತಾರೆ ಎಂದು ಒಮ್ಮೆ ಕೇಳಿದಾಗ ಭೋಂಗಾದ ಲೆಕ್ಕವನ್ನೂ ಅವಳಿಗೆ ಹೇಳಿದ್ದೆ. ಒಂದು ಉದ್ದ, ಎರಡು ಗಿಡ್ಡ. ದನಕ್ಕೆ ಗಂಟೆ ಕಟ್ಟುತ್ತಾರೆ, ನಿನಗೆ ಗಿರಣಿಯನ್ನೇ ಕಟ್ಟಿದ್ದಾರೆ ಎಂದು ಅವಳು ನಕ್ಕಿದ್ದಳು.

ನಾನು ಕೆಲಸಕ್ಕೆ ಸೇರಿದ ಮೂರನೆಯ ವರ್ಷ, ಥಂಡಿಯ ದಿನಗಳಲ್ಲಿ ನೇಮಣ್ಣ ಖೋಲಿಗೆ ಬಂದ. ಅವನ ಮೀಸೆ ಇರಲಿಲ್ಲ. ನನಗೆ ಒಮ್ಮೆಲೇ ಗುರುತು ಹತ್ತಲಿಲ್ಲ. ಮಾವಶಿ ಅನ್ನ ಬಿಟ್ಟಿದ್ದಾಳೆ, ನೀರಿನ ಮೇಲೆ ಇದ್ದಾಳೆ ಎಂದ. ನಮ್ಮ ಜೈನರಲ್ಲಿ ವಯಸ್ಸಾದವರು, ಇನ್ನು ದೇಹ ಸಾಕು ಎಂದು ಅನ್ನಿಸಿದಾಗ, ಮನೆಯವರ ಒಪ್ಪಿಗೆ ಕೇಳಿ ಊಟ ಬಿಡುವುದುಂಟು. ಅದಕ್ಕೆ ಯಾರೂ ಅಳಬಾರದು. ಆದರೆ ಒಂದು ಮಾತ್ರ ತಪ್ಪಬಾರದು. ಪ್ರಾಣ ಹೋಗುವಾಗ ಣಮೋಕಾರ ಮಂತ್ರ ಕಿವಿಯಲ್ಲಿ ಬೀಳಬೇಕು, ಸಾಧ್ಯವಾದರೆ ಹೋಗುವವರ ಬಾಯಲ್ಲೂ ಬರಬೇಕು. ಮಾವಶಿಯ ಕಿವಿಗೆ ಯಾರು ಹೇಳಿದರೂ ಬೀಳುವಂತಿರಲಿಲ್ಲ. ಮಂತ್ರ ಅವಳಿಗೆ ಬಾಯಿಪಾಠವೇ, ಆದರೆ ಈಚೆಗೆ ನಡುವೆ ತಪ್ಪಿ ಎಲ್ಲೋ ಹೋಗಿಬಿಡುತ್ತಿದ್ದಳು. ಎದುರಿಗೆ ಯಾರಾದರೂ ಹೇಳಿಕೊಡಬೇಕಿತ್ತು.

"ಅದಕ್ಕ ಮೀಸಿ ತಗದೆ," ಎಂದ ನೇಮಣ್ಣ. "ಆದ್ರೂ ಆಗವಲ್ಲತು. ನಿನ್ನ ಬಾಯಿ ನನಗ ಗುರ್ತಿಲ್ಲೋ ಅಂತಾಳ. ನೀ ಬರ್ತೀ ಏನ ತಮ್ಮಾ?"

ಅದಕ್ಕೂ ಮುಂಚೆ, ಅವಳು ಹಾಸಿಗೆ ಹಿಡಿದಾಗ, ನಾನು ಎರಡು ಸಲ ಹೊತ್ತು ಮುಳುಗಿದ ಮೇಲೆ ಸೈಕಲ್ ತುಳಿದು ಬೇಡಗಕ್ಕೆ ಹೋಗಿ ಬಂದಿದ್ದೆ. ಹದಿಮೂರು ಮೈಲಿ ಹೋಗುವುದು, ನಸುಕಿನೊಳಗೆ ಹದಿಮೂರು ಮೈಲಿ ಬರುವುದು. ಅದರಿಂದ ಏನೂ ಪ್ರಯೋಜನವಾಗಿರಲಿಲ್ಲ. ಕಂದೀಲಿನ ಬೆಳಕಿನಲ್ಲಿ ಅವಳಿಗೆ ತುಟಿ ಕಾಣುವುದಿಲ್ಲ. ಸುಮ್ಮನೆ ಕೈ ಹಿಡಿದು ಕೂತು ಬಂದಿದ್ದೆ. ಅವಳಿಗೆ ನಾನು ಹಗಲಿನಲ್ಲಿ ಬೇಕಿತ್ತು, ಹಗಲು ನನ್ನದಾಗಿರಲಿಲ್ಲ.

ಮರುದಿನ ಗಿರಣಿಗೆ ಹೋಗಿ ಸಾವಕಾರರ ಮುಂದೆ ನಿಂತೆ. ಮೂರು ವರ್ಷದಲ್ಲಿ ನಾನಾಗಿ ರಜೆ ಕೇಳಿದ್ದು ಅದೇ ಮೊದಲು. ಅವರು ಎಲ್ಲವನ್ನೂ ಕೇಳಿದರು. ಆಮೇಲೆ, "ನಾಡದ ಮುಂಬಯಿಗೆ ಹೋಗೂದೈತಿ, ಅದು ತಪ್ಪಿಸಾಕ ಬರಂಗಿಲ್ಲ. ನಾಳಿ ಮಾತ್ರ ಪೂರ್ತಿ ದಿವಸ ನಿಮ್ದು. ಏನ ಆಗ್ಲಿ, ನಾ ಕರ್ಯಾಂಗಿಲ್ಲ" ಎಂದರು. 'ಅನಸ್ತೈತಿ' ಎನ್ನಲಿಲ್ಲ. ಹೊರಗೆ ಬಂದಾಗ ನನ್ನ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಒಂದೇ ದಿನ ಎಂಬುದು ಆಗ ಕಡಿಮೆ ಎನಿಸಲೇ ಇಲ್ಲ.

ನಸುಕಿನಲ್ಲಿ ಹೊರಟು ಬಿಸಿಲು ಏರುವುದರೊಳಗೆ ಬೇಡಗ ಮುಟ್ಟಿದೆ. ನಡುಮನೆಯಲ್ಲಿ, ಬೆಳಕಿಂಡಿಯ ಕೆಳಗೆ ಚಾಪೆಯ ಮೇಲೆ ಮಾವಶಿಯನ್ನು ಮಲಗಿಸಿದ್ದರು. ಬಹಳ ಸಣ್ಣಗಾಗಿದ್ದಳು, ಆದರೆ ಕಣ್ಣು ಚುರುಕಾಗಿಯೇ ಇದ್ದವು. ನಾನು ಕಾಲ ಹತ್ತಿರ ಮಣೆ ಹಾಕಿಕೊಂಡು ಬೆಳಕಿಗೆ ಮುಖ ಮಾಡಿ ಕೂತೆ. ಅವಳು ನನ್ನ ಬಾಯಿಯನ್ನೇ ನೋಡಿ, "ಇವತ್ತ ಹಗಲಿ ಬಂದೀ" ಎಂದಳು. ಪೂರ್ತಿ ದಿವಸ ಇರ್ತೀನಿ ಎಂದೆ. ಅವಳು ಅದನ್ನು ತಾನೂ ಅಂದು, ನನ್ನ ಮುಖ ನೋಡಿದಳು. ತಲೆಯಾಡಿಸಿದೆ.

ಅವತ್ತು ಮಧ್ಯಾಹ್ನದವರೆಗೆ ನಾನು ಎಷ್ಟು ಸಲ ಣಮೋಕಾರ ಹೇಳಿದೆನೋ ನೆನಪಿಲ್ಲ. ಒಂದೊಂದು ಪದ ನಾನು ಹೇಳಬೇಕು, ಅವಳು ತಡೆದು ಅನ್ನಬೇಕು, ನಾನು ತಲೆಯಾಡಿಸಬೇಕು, ಆಮೇಲೆ ಮುಂದಿನದು. ದಣಿವಾದಾಗ ಕಣ್ಣು ಮುಚ್ಚುತ್ತಿದ್ದಳು. ನೇಮಣ್ಣ ಗೋಡೆಗೆ ಒರಗಿ ಕೂತು ನೋಡುತ್ತಿದ್ದ. ಯಾವ ಕೂಗಿಗೂ ಕಿವಿಗೊಡದೆ ನಾನು ಒಂದು ಕಡೆ ಕೂತಿದ್ದೇನೆ ಎಂಬುದು ನಡುವೆ ಒಮ್ಮೆ ನೆನಪಾಯಿತು. ಸಾವಿನ ಮನೆಯಲ್ಲಿ ಹೀಗೆ ಹೇಳಬಾರದೇನೋ, ಆದರೆ ಎಷ್ಟೋ ದಿನದ ಮೇಲೆ ನನಗೆ ಸುಖ ಎನಿಸಿತು.

ಇಳಿಹೊತ್ತು, ನಾಲ್ಕರ ಸುಮಾರು. ಮಾವಶಿಗೆ ಜೋಂಪು ಹತ್ತಿತ್ತು. ಮುಖಕ್ಕೆ ನೀರು ಹಾಕಿಕೊಳ್ಳೋಣವೆಂದು ಹಿತ್ತಲಿಗೆ ಹೋದೆ. ಬಾನಿಯಿಂದ ತಂಬಿಗೆ ತುಂಬಿ ಎತ್ತಿದವನು ಹಾಗೇ ನಿಂತೆ. ಭೋಂಗಾ ಕೂಗುತ್ತಿತ್ತು. ದೂರದಿಂದ, ತೆಳ್ಳಗೆ, ಆದರೆ ಸಂಶಯಕ್ಕೆ ಎಡೆಯಿಲ್ಲದಂತೆ. ಒಂದು ಉದ್ದ, ಎರಡು ಗಿಡ್ಡ. ತುಸು ತಡೆದು ಮತ್ತೆ ಅದೇ. ಕೈಯಲ್ಲಿನ ನೀರು ಕಾಲಮೇಲೆ ಚೆಲ್ಲಿದ್ದು ಆಮೇಲೆ ತಿಳಿಯಿತು. ಬೇಡಗದಲ್ಲಿ ಭೋಂಗಾ ಕೇಳುವುದು ಸಾಧ್ಯವಿಲ್ಲ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕಿವಿಯ ಚಟ ಇದು, ಮೂರು ವರ್ಷದ ರೂಢಿ ಎಂದು ನನಗೆ ನಾನೇ ಅಂದುಕೊಂಡೆ. ಅಷ್ಟು ಅಂದುಕೊಂಡು ನಾನು ಮುಖ ತೊಳೆದುಕೊಂಡಿದ್ದರೆ ಈ ಬರಹಕ್ಕೆ ಕಾರಣವೇ ಇರುತ್ತಿರಲಿಲ್ಲ.

ಒಳಗಿನಿಂದ ಮಾವಶಿ ನನ್ನನ್ನು ಕೂಗಿದಳು. ಎಂಟು ದಿನದಿಂದ ಪಿಸುಮಾತಿನಲ್ಲಿ ಆಡುತ್ತಿದ್ದವಳು ಹಿತ್ತಲಿಗೆ ಕೇಳುವಂತೆ ಕೂಗಿದಳು. ಓಡಿ ಹೋದೆ. ಅವಳು ಮೊಣಕೈ ಊರಿ ಅರ್ಧ ಎದ್ದಿದ್ದಳು, ನೇಮಣ್ಣ ಗಾಬರಿಯಾಗಿ ಬೆನ್ನು ಹಿಡಿದಿದ್ದ.

"ತಮ್ಮಾ, ನಿನ್ನ ಭೋಂಗಾ ಕೂಗಾಕತ್ತೈತಿ," ಎಂದಳು. "ಎರಡ ಸಲ ಆತು. ಹೋಗು, ಅವರನ್ನ ಕಾಯಿಸಬ್ಯಾಡ."

ನಾನು ಅವಳ ಎದುರಿಗೆ ಕೂತು, ನಿನಗ ಕೇಳಸ್ತೇನು ಎಂದು ಕೇಳಿದೆ. ನನ್ನ ತುಟಿ ನೋಡಿ ಅವಳು, "ಕೇಳಿಸದ ಏನ? ಒಂದ ಉದ್ದ, ಎರಡ ಗಿಡ್ಡ" ಎಂದಳು. ಕಿವಿ ಹೋಗಿ ಹತ್ತು ವರ್ಷದ ಮೇಲಾಗಿದ್ದವಳು ಅದನ್ನು ಎಲ್ಲರಿಗೂ ಕೇಳಿದ ಸದ್ದಿನ ಹಾಗೆ ಹೇಳಿದಳು. ನೇಮಣ್ಣನ ಕಡೆ ನೋಡಿದೆ. ಅವನು, "ಏನೂ ಇಲ್ಲೋ, ನನಗಂತೂ ಏನೂ ಕೇಳಸಲಿಲ್ಲ" ಎಂದ.

ನಾನು ಯಾಕೆ ಹೋದೆ ಎಂದು ಆಮೇಲೆ ಎಷ್ಟೋ ಸಲ ನನ್ನನ್ನು ನಾನೇ ಕೇಳಿಕೊಂಡಿದ್ದೇನೆ. ಆಗ ನನ್ನ ತಲೆಗೆ ಬಂದದ್ದು ಇಷ್ಟು: ಏನೇ ಆಗಲಿ ಕರೆಯುವುದಿಲ್ಲ ಎಂದವರು ಕರೆದಿದ್ದಾರೆ ಎಂದರೆ ದೊಡ್ಡದೇನೋ ಆಗಿದೆ. ಯಾರೋ ಸಾಯುತ್ತಿರಬಹುದು, ದೊಡ್ಡ ಡಾಕ್ಟರರನ್ನು ತರಬೇಕಾಗಿರಬಹುದು. ಅದಕ್ಕಿಂತ ಹೆಚ್ಚಾಗಿ, ನನ್ನ ಕಾಲುಗಳು ಆಗಲೇ ಎದ್ದಿದ್ದವು. ಮೂರು ವರ್ಷದಲ್ಲಿ ಆ ಕೂಗಿಗೆ ನಾನು ಒಮ್ಮೆಯೂ ತಪ್ಪಿರಲಿಲ್ಲ. ಹೋಗಿ ಬರ್ತೀನಿ, ಹೊತ್ತು ಮುಳುಗೂದರೊಳಗ ಬರ್ತೀನಿ ಎಂದೆ. ಅವಳು ಅದನ್ನು ತಾನೂ ಅನ್ನಲಿಲ್ಲ. ನನ್ನ ಗದ್ದ ಮುಟ್ಟಿ, ಹೋಗು ಎಂದು ಕೈಮಾಡಿದಳು.

ಎದುರುಗಾಳಿಯಿತ್ತು. ತಲೆ ಬಗ್ಗಿಸಿ ತುಳಿದೆ. ಮಿರಜ ದಾಟಿ ಗಿರಣಿಯ ಚಿಮಣಿ ಕಣ್ಣಿಗೆ ಬಿದ್ದಾಗ ಅದರಲ್ಲಿ ಹೊಗೆಯಿರಲಿಲ್ಲ. ಹಗಲು ಹೊತ್ತಿನಲ್ಲಿ ಹಾಗೆ ಖಾಲಿ ಚಿಮಣಿಯನ್ನು ನಾನು ನೋಡಿದ್ದೇ ಇಲ್ಲ. ನೇರವಾಗಿ ಬಾಯ್ಲರ್ ಮನೆಗೆ ಹೋದೆ. ಅಲ್ಲಿ ಬೆಂಕಿ ಇರಲಿಲ್ಲ. ಬಾಯ್ಲರಿನ ಬಾಯಿ ತೆರೆದಿತ್ತು. ಒಳಗಿನಿಂದ ಸುತ್ತಿಗೆಯ ಸದ್ದು ಬರುತ್ತಿತ್ತು. ಕೂಗಿದಾಗ ಇಮಾಮಚಾಚಾ ಮೈಯೆಲ್ಲ ಮಸಿ ಮಾಡಿಕೊಂಡು ಹೊರಗೆ ತೆವಳಿ ಬಂದ.

ಭೋಂಗಾ ಯಾಕೆ ಕೂಗಿಸಿದಿರಿ ಎಂದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಎಲ್ಲೀ ಭೋಂಗಾ? ಮುಂಜಾನಿ ಕೊಳವಿ ಸೋರಾಕ ಹತ್ತಿತ್ತು, ಬೆಂಕಿ ಆರಿಸೀನಿ. ಗಿರಣಿ ಬಂದ್ ಐತಿ. ಉಗಿನ ಇಲ್ಲ, ಏನ ಊದ್ಲಿ?" ಎಂದ. ಬೇಕಾದರೆ ಮುಟ್ಟಿ ನೋಡು ಎಂದು ಬಾಯ್ಲರಿನ ಮೇಲೆ ಕೈಯಿಟ್ಟು ತೋರಿಸಿದ. ನಾನೂ ಇಟ್ಟೆ. ಕಬ್ಬಿಣ ತಣ್ಣಗಿತ್ತು.

ಸಾವಕಾರರು ಕಚೇರಿಯ ಪಡಸಾಲೆಯಲ್ಲಿ ಇದ್ದರು. ನನ್ನನ್ನು ಕಂಡು ಕುರ್ಚಿಯಿಂದ ಎದ್ದರು. "ಯಾಕ ಬಂದ್ರಿ? ಇವತ್ತ ನಿಮ್ದು ಅಂತ ಹೇಳಿದ್ನೆಲ್ಲ" ಎಂದರು. ಕೂಗು ಕೇಳಿತು ಎಂದು ಹೇಳಲು ನಾಚಿಕೆಯಾಯಿತು. ಹುಚ್ಚ ಎಂದುಕೊಂಡರೆ ನಾಳೆ ನನ್ನ ಹಿಂದಿನ ಸೀಟಿನಲ್ಲಿ ಅವರು ಹೇಗೆ ಕೂಡುತ್ತಾರೆ? ಏನೋ ತೊದಲಿದೆ. ಅವರು ನನ್ನ ಮುಖ ನೋಡಿ, ದಣಿವು ಎಂದು ತಿಳಿದುಕೊಂಡರೋ ಏನೋ, ನನ್ನನ್ನು ತಿರುಗಿ ಬೇಡಗಕ್ಕೆ ಮುಟ್ಟಿಸಲು ಮೋಟಾರು ತರುವಂತೆ ಹೇಳಿ ಕಳಿಸಿ, "ಕುಂದ್ರಿ, ಚಾ ಕುಡೀರಿ. ಅದು ಬರೂತನಕ ನಿಂತು ಏನ ಮಾಡ್ತೀರಿ" ಎಂದರು. ಒಳ್ಳೆಯ ಮನುಷ್ಯ. ಇದರಲ್ಲಿ ಅವರ ತಪ್ಪು ಏನೂ ಇಲ್ಲ. ನಾನು ಕೂತು ಚಹಾ ಕುಡಿದೆ. ನಾಳೆ ಘಟ್ಟದ ಮೇಲೆ ಮಂಜು ಇರಬಹುದೇ ಎಂದು ಅವರು ಕೇಳಿದ್ದಕ್ಕೆ ಉತ್ತರವನ್ನೂ ಕೊಟ್ಟೆ.

ಮೋಟಾರು ಬೇಡಗ ಮುಟ್ಟಿದಾಗ ದೀಪ ಹಚ್ಚಿದ್ದರು. ಅಂಗಳದಲ್ಲಿ ಜನ ನಿಂತಿದ್ದರು. ಯಾರೂ ಅಳುತ್ತಿರಲಿಲ್ಲ. ಒಳಗೆ ಹೋದೆ. ಮಾವಶಿಯ ಕಣ್ಣು ಮುಚ್ಚಿಸಿದ್ದರು. ಇನ್ನೂ ಸ್ವಲ್ಪ ಬೆಳಕಿರುವಾಗಲೇ ಹೋದಳು ಎಂದರು. ನಾನು ಅವಳ ಕಾಲ ಹತ್ತಿರ ಬಿದ್ದುಬಿಟ್ಟೆ. ಒಂದೇ ಒಂದು ಕೆಲಸ ನನ್ನಿಂದ ಆಗಬೇಕಿತ್ತು, ಅದನ್ನು ಬಿಟ್ಟು ಹೋಗಿದ್ದೆ. ಅಳಬಾರದೆಂಬ ನಿಯಮವನ್ನೂ ಮುರಿದೆ.

ನೇಮಣ್ಣ ನನ್ನನ್ನು ಎಬ್ಬಿಸಿ ಹಿತ್ತಲಿಗೆ ಕರೆದುಕೊಂಡು ಹೋದ. ನೀನು ಹೋದ ಮೇಲೆ ಅವ್ವ ಮಲಗಿದ್ದಳು, ಬಹಳ ಹೊತ್ತಿನ ಮೇಲೆ ಕಣ್ಣು ತೆರೆದಳು ಎಂದು ಹೇಳಿದ. ನಾನು ಕೂತಿದ್ದ ಮಣೆಯ ಕಡೆ ನೋಡಿದಳಂತೆ. ಮಣೆ ಖಾಲಿ. ಅವಳು ಅಲ್ಲಿಯೇ, ಒಬ್ಬರ ಬಾಯಿ ಇರುವಷ್ಟು ಎತ್ತರದಲ್ಲಿ ಕಣ್ಣಿಟ್ಟು ಮಂತ್ರ ಶುರುಮಾಡಿದಳಂತೆ.

"ಒಂದ ಪದಾ ಅಂತಿದ್ಲು, ನಿಂದರ್ತಿದ್ಲು. ನೀ ತಲಿ ಅಲ್ಲಾಡಸೂದನ್ನ ಕಾಯತಾಳಲ್ಲ, ಹಂಗ. ಮತ್ತ ಮುಂದಿಂದು," ಎಂದ ನೇಮಣ್ಣ. "ಒಂದೂ ತಪ್ಪಲಿಲ್ಲ. ಐದೂ ಸಾಲು ಮುಗಸಿದ್ಲು. ಮುಗಸಿ, ಸಾಕೋ ತಮ್ಮಾ, ನೀನೂ ದಣದೀ, ಅಂದ್ಲು. ಅಷ್ಟ."

ಆಗ ಹೊತ್ತು ಎಷ್ಟಾಗಿತ್ತು ಎಂದು ಕೇಳಿದೆ. ಬಿಸಿಲು ಗೋಡೆಯಲ್ಲಿ ಎಲ್ಲಿಗೆ ಬಂದಿತ್ತು ಎಂದು ಅವನು ತೋರಿಸಿದ. ದಾರಿಯ ಹೊತ್ತನ್ನು ಹಿಂದಕ್ಕೆ ಕಳೆದು ನೋಡಿದೆ. ಆ ಹೊತ್ತಿಗೆ ನಾನು ಗಿರಣಿಯ ಪಡಸಾಲೆಯಲ್ಲಿ ಚಹಾ ಕುಡಿಯುತ್ತಿದ್ದೆ. ನನ್ನ ಮನಸ್ಸು ಬೇಡಗದಲ್ಲಿತ್ತು, ಮಂತ್ರ ನಾಲಗೆಯ ಮೇಲಿತ್ತು ಎಂದು ಹೇಳಿದರೆ ಈ ಕತೆ ಚೆಂದವಾಗುತ್ತಿತ್ತು. ಇರಲಿಲ್ಲ. ನಾನು ಘಟ್ಟದ ಮಂಜಿನ ವಿಚಾರ ಮಾತಾಡುತ್ತಿದ್ದೆ.

ಇದನ್ನೆಲ್ಲ ನಾನು ಬಿಡಿಸಿ ನೋಡದೆ ಬಿಟ್ಟಿಲ್ಲ. ಮಿರಜ ದೊಡ್ಡ ಜಂಕ್ಷನ್, ಯಾವುದೋ ಇಂಜಿನ್ ಸೀಟಿ ಹಾಕಿರಬಹುದು, ಥಂಡಿಯಲ್ಲಿ ಸದ್ದು ದೂರ ಹೋಗುತ್ತದೆ. ಹೋಗುವಾಗ ನನಗೆ ಎದುರುಗಾಳಿಯಿತ್ತು, ಅಂದರೆ ಗಾಳಿ ಮಿರಜದಿಂದ ಬೇಡಗದ ಕಡೆಗಿತ್ತು, ಸದ್ದು ನನ್ನ ಕಡೆಗೆ ಬರುವಂತೆಯೇ ಇತ್ತು ಎಂದು ಒಪ್ಪುತ್ತೇನೆ. ಸೀಟಿ ಎಂದು ಇಟ್ಟುಕೊಂಡರೆ ನನ್ನ ಲೆಕ್ಕ ಮುಗಿಯಿತು, ಮಾವಶಿಯದು ಮುಗಿಯುವುದಿಲ್ಲ. ಅವಳು ನನ್ನ ಮುಖ ನೋಡಿ ಊಹಿಸಿದಳು ಎನ್ನೋಣವೆಂದರೆ ನಾನು ಹಿತ್ತಲಿನಲ್ಲಿದ್ದೆ, ನಡುವೆ ಗೋಡೆಯಿತ್ತು. ಸಾಯುವವರಿಗೆ ಭ್ರಮೆ ಸಹಜ ಎಂದು ಒಬ್ಬ ಡಾಕ್ಟರು ಹೇಳಿದರು. ಇಬ್ಬರಿಗೂ ಒಂದೇ ಗಳಿಗೆಗೆ, ಒಂದೇ ಭ್ರಮೆಯೇ ಎಂದು ಕೇಳಿದ್ದಕ್ಕೆ ಅವರು ಮಾತು ಬದಲಿಸಿದರು.

ಮರುದಿನ ಸಾವಕಾರರು ತಾವಾಗಿ ರೈಲಿನಲ್ಲಿ ಹೋದರು. ನಾನು ಅವತ್ತು ಯಾಕೆ ಬಂದಿದ್ದೆ ಎಂಬುದು ಆಮೇಲೆ ಬೇರೆಯವರಿಂದ ತಿಳಿದು, ತಿಂಗಳಿಗೆ ನಾಲ್ಕು ದಿನ ಕರೆಯುವುದೇ ಇಲ್ಲ ಎಂದು ಗೊತ್ತುಮಾಡಿದರು. ಆ ನಾಲ್ಕು ದಿನವೂ ನಾನು ಖೋಲಿಯಲ್ಲೇ ಇರುತ್ತಿದ್ದೆ. ಹೋಗುವುದು ಎಲ್ಲಿಗೆ? ಯುದ್ಧ ಬಂದಾಗ ವಿಮಾನವನ್ನು ಸರಕಾರ ತೆಗೆದುಕೊಂಡಿತು, ನಾನು ಊರು ಬಿಟ್ಟೆ.

ನೇಮಣ್ಣ ಬದುಕಿರುವವರೆಗೂ ಆ ಸಂಜೆಯ ಸಂಗತಿಯನ್ನು ಸಮಾಧಾನದ ಮಾತಾಗಿಯೇ ಹೇಳುತ್ತಿದ್ದ. ಅವ್ವನಿಗೆ ಏನೂ ಕಡಿಮೆಯಾಗಲಿಲ್ಲ, ನೀನು ಇದ್ದಂತೆಯೇ ಹೋದಳು ಎನ್ನುತ್ತಿದ್ದ. ಅವನ ಮುಂದೆ ಹೌದು ಎನ್ನುತ್ತಿದ್ದೆ. ನನ್ನನ್ನು ಎಬ್ಬಿಸಿ ಕಳಿಸಿದ್ದು ಯಾರು, ಕಳಿಸಿ ಆ ಮಣೆಯ ಮೇಲೆ ಬಂದು ಕೂತದ್ದು ಯಾರು, ನನಗೆ ಗೊತ್ತಿಲ್ಲ. ಮಾವಶಿಗೆ ಒಳ್ಳೆಯದೇ ಆಯಿತು ಎಂದು ಒಪ್ಪುತ್ತೇನೆ. ಆದರೆ ನೀನೂ ದಣಿದೆ ಎಂದು ಅವಳು ಕೊನೆಗೆ ಕನಿಕರಪಟ್ಟದ್ದು ನನಗಲ್ಲ, ಆ ಮಣೆಯ ಮೇಲೆ ಕೂತವನಿಗೆ. ಇಷ್ಟು ವಯಸ್ಸಾದರೂ ಅವನ ಮೇಲಿನ ಹೊಟ್ಟೆಕಿಚ್ಚು ನನಗೆ ಹೋಗಿಲ್ಲ.